ಮಹದೇವಪೇಟೆಯ ಹೊಸ ಒಲೆ

ಹಸಿ ಸೌದೆಯ ತುದಿಯಲ್ಲಿ ನೊರೆ, ಸಣ್ಣ ಸಣ್ಣ ಗುಳ್ಳೆ ಚಿಟಚಿಟ ಎಂದು ಎದ್ದು ಒಡೆಯುತ್ತಿದೆ, ಇದು ಯಾವ ಮರವೋ ಏನೋ, ಊರಿನಲ್ಲಾದರೆ ವಾಸನೆಯಲ್ಲೇ ಹೇಳಿಬಿಡಬಹುದಿತ್ತು, ಪೇಟೆಯಲ್ಲಿ ಗಾಡಿಯವನು ಹಾಕಿಹೋದದ್ದೇ ಸೌದೆ — ಚನ್ನಿ ಕುಕ್ಕರುಗಾಲಲ್ಲಿ ಕೂತು ಊದುಗೊಳವೆಯಲ್ಲಿ ಒಮ್ಮೆ ಊದಿದಳು, ಹೊಗೆ ತಿರುಗಿ ಅವಳ ಮುಖಕ್ಕೇ ಬಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು, ನೋಡಿದವರು ಅಳುತ್ತಿದ್ದಾಳೆ ಅಂದುಕೊಂಡಾರು, ಅಳುತ್ತಿಲ್ಲ, ಹೊಗೆ ಅಷ್ಟೆ. ಒಲೆಯ ಮೇಲೆ ಹೊಸ ಮಣ್ಣಿನ ಕುಡಿಕೆ, ಕೊರಳಿಗೆ ಅರಿಸಿನದ ಕೊಂಬು ಕಟ್ಟಿದೆ, ಒಳಗೆ ಹಾಲು ಇನ್ನೂ ತಣ್ಣಗೆ ಮಲಗಿದೆ, ಇದು ಕಾಯಬೇಕು, ಉಕ್ಕಬೇಕು, ಅಂಚು ದಾಟಿ ಒಲೆಗೆ ಸುರಿಯಬೇಕು, ಆಮೇಲೆಯೇ ಈ ಮನೆ ಮನೆಯಾಗುವುದು, ಅಲ್ಲಿಯವರೆಗೆ ಯಾರೂ ಇಲ್ಲಿ ಒಂದು ತುತ್ತು ತಿನ್ನುವ ಹಾಗಿಲ್ಲ. ಜಗಲಿಯಲ್ಲಿ ಪಾದಪೂಜೆ ಮಾಡಿಸಿಕೊಂಡ ಮಠದ ಅಯ್ಯನವರು ಕೂತು ಕೆಮ್ಮುತ್ತಿದ್ದಾರೆ, ಒಳಗೆ ಗೋಡೆಗೆ ಒರಗಿ ಅತ್ತೆ ಕಾಂತಮ್ಮ, ಅವರ ಎದುರಿಗೆ ಮಣೆಯ ಮೇಲೆ ಮುರಿಗೆಮ್ಮ, ಪಕ್ಕದ ಮನೆಯವರು, ಈ ಮನೆಯನ್ನು ಬಾಡಿಗೆಗೆ ಕೊಟ್ಟವರು, ಮೂಗಿನಲ್ಲಿ ದಪ್ಪ ನತ್ತು, ಕಣ್ಣು ಕುಡಿಕೆಯ ಮೇಲೆ. ಅವರ ಬೆನ್ನ ಹಿಂದೆ ಅರಮನೆ. ಬಟ್ಟೆಯ ಅರಮನೆ — ಗಂಡ ಶಿವಶಂಕರಪ್ಪ ನಾಟಕ ಕಂಪನಿಗೆ ಬರೆಯುತ್ತಿರುವ ಪರದೆ, ನಡುಮನೆಯಲ್ಲಿ ಹಿಡಿಸದೆ ಅಡುಗೆಮನೆಯ ಬಾಗಿಲವರೆಗೂ ಇಳಿಬಿದ್ದಿದೆ, ಕೆಂಪು ಕಂಬಗಳು, ಕಂಬದ ಮೇಲೆ ಗಿಳಿ, ಮೆಟ್ಟಿಲು, ಮೆಟ್ಟಿಲ ಮೇಲೆ ಇನ್ನೂ ಬಣ್ಣ ಕಾಣದ ಸಿಂಹಾಸನ, ಮುರಿಗೆಮ್ಮ ಸರಿಯಾಗಿ ಅದರ ಮುಂದೆಯೇ ಕೂತಿದ್ದಾರೆ, ಮಹಾರಾಣಿಯ ಹಾಗೆ, ನಗು ಬರುತ್ತದೆ, ನಗಬಾರದು. ಹೊಗೆ ಹಿಡೀತದೆ ಕಣವ್ವ, ಪರದೆ ಸುತ್ತಿ ಎತ್ತಿಡ್ಲಾ ಎಂದು ಶಿವಶಂಕರಪ್ಪ ಬೆಳಗ್ಗೆ ತಾಯಿಯನ್ನು ಕೇಳಿದರೆ ಕಾಂತಮ್ಮ, ಇರ್ಲಿ ಬಿಡೋ, ಅರಮನೇಲೂ ಒಲೆ ಉರೀತಿತ್ತು, ರಾಜ್ರೇನು ಹಸಿ ಅಕ್ಕಿ ತಿಂತಿದ್ರಾ ಅಂದರು, ಅಯ್ಯನವರು ಕೂಡ ಆ ಗಿಳಿಗಳ ಕೆಳಗೆ ಬಗ್ಗಿ ನುಸುಳಿಯೇ ಒಳಗೆ ಬರಬೇಕಾಯಿತು.

ಹಾಲು ಯಾರ ಕೈಯಲ್ಲಿ ಇಡಿಸ್ತೀರಿ ಕಾಂತಮ್ಮೋರೆ — ಮುರಿಗೆಮ್ಮ ಇದನ್ನು ಕೇಳಿದ್ದು ಬೆಳಕು ಹರಿಯುವಾಗ, ಚನ್ನಿ ಹೊಸ್ತಿಲಿಗೆ ಅರಿಸಿನ ಬಳಿಯುತ್ತಿದ್ದಳು, ಬೀದಿಯ ತುಂಬ ಮಂಜು, ಎದುರು ಮನೆಯ ಬಾಗಿಲೂ ಕಾಣದಷ್ಟು, ನೀವಂತೂ ಇಡೋ ಹಾಗಿಲ್ಲ, ಯಜಮಾನ್ರು ಹೋಗಿಬಿಟ್ಟಿದ್ದಾರೆ, ನನಗೆ ಗಂಡ ಇದ್ದಾರೆ, ಮಕ್ಕಳು ಮರಿ ಇದ್ದಾವೆ, ಬೇಕಾದ್ರೆ ನಾನೇ ಇಡ್ತೀನಿ, ಒಳ್ಳೇ ಕೆಲಸ. ಹೇಳಬೇಡಿ ಅತ್ತೆಮ್ಮ, ಎಂದು ಚನ್ನಿ ಹೊಸ್ತಿಲಿಗೆ ಹೇಳಿದಳು, ಬಾಯಿ ಬಿಡದೆ, ಅವರೇ ಇಡಲಿ ಬಿಡಿ, ಈ ಬೀದಿಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದ ಬೀದಿ ಎಷ್ಟು ಚಂದ, ನಿನ್ನೆ ಸಂಜೆ ಗಾಡಿ ಇಳಿದಾಗ ಬಳೆಗಾರನೊಬ್ಬ ಬಾರಮ್ಮ ಬಳೆ ತೊಡ್ಸ್ಕೋ ಅಂದ, ಯಾರೋ ಒಬ್ಬಾಕೆ ನೀರಿನ ಕೊಡ ಇಳಿಸಿ ಯಾವೂರು ತಾಯಿ ಅಂದರು, ಅವಳನ್ನು ನೋಡಿ ಯಾರ ಮುಖವೂ ಆ ಕಡೆ ತಿರುಗಲಿಲ್ಲ. ಕಾಂತಮ್ಮ ಹೇಳಿಯೇಬಿಟ್ಟರು, ದನಿ ತಗ್ಗಿಸದೆ, ಸಂತೆಯಲ್ಲಿ ಏಲಕ್ಕಿಯ ದರ ಹೇಳುವ ಹಾಗೆ, ಸೊಸೆ ಇಡ್ತಾಳೆ ಕಣ್ರವ್ವ, ಸೀರುಡಿಕೆ ಸೊಸೆ, ಮೊದಲ್ನೆ ಗಂಡ ಜ್ವರದಾಗೆ ಹೋದ, ಆಮೇಲೆ ನನ್ನ ಮಗ ತಂದ್ಕಂಡ, ಮನೆ ನಿಮ್ದು, ನಿಮಗೆ ಮನಸ್ಸಿಲ್ಲಾಂದ್ರೆ ಈಗ್ಲೇ ಹೇಳ್ಬಿಡಿ, ಸಾಮಾನಿನ್ನೂ ಗಾಡೀಲೇ ಐತೆ. ಮುರಿಗೆಮ್ಮ ಚನ್ನಿಯ ಮುಖ ನೋಡಲಿಲ್ಲ, ಕೈ ನೋಡಿದರು, ಅರಿಸಿನ ಮೆತ್ತಿದ ಬೆರಳುಗಳನ್ನು, ಆ ಬೆರಳುಗಳನ್ನು ಎಲ್ಲಿ ಬಚ್ಚಿಡುವುದು. ಅಯ್ಯನವರನ್ನ ಒಂದ್ ಮಾತು ಕೇಳಿ ಅಂದರು ಕೊನೆಗೆ. ಅಯ್ಯನವರು ಕಂಬಳಿಯೊಳಗಿಂದ, ಯಾರಾದ್ರೂ ಇಡಿ ತಾಯಿ, ಬೇಗ ಇಡಿ, ನನಗೆ ಇನ್ನೊಂದು ಮನೆ ಇದೆ, ಹೊಟ್ಟೇನೂ ಇದೆ ಅಂದರು. ಮುರಿಗೆಮ್ಮ ಸೆರಗು ಕೊಡವಿಕೊಂಡು, ಸರಿ, ನೋಡೋಣ, ಹಾಲು ತಾನಾಗಿ ಉಕ್ಕಿ ಮೂಡಲಿಗೆ ಬಿತ್ತು ಅಂದ್ರೆ ನನಗೇನೂ ಇಲ್ಲ, ಇಲ್ಲಾ ಅಂದ್ರೆ ನನ್ನ ಮನೇದೂ ನಾನು ಯೋಚನೆ ಮಾಡ್ಬೇಕು, ಬೇಜಾರಾಗ್ಬೇಡಿ ಅಂದರು. ಅದಕ್ಕೇ ಈಗ ಮಣೆ ಹಾಕಿಕೊಂಡು ಕೂತಿರುವುದು. ಅದಕ್ಕೇ ಗಾಡಿಯ ಬೊಳ್ಳಪ್ಪ ಎತ್ತುಗಳಿಗೆ ಹುಲ್ಲು ಹಾಕಿಕೊಂಡು ಹೊರಗೆ ಕಾಯುತ್ತಿರುವುದು, ಗಾಡಿಯಲ್ಲಿ ಕಡಾಯಿ, ಬೀಸುವ ಕಲ್ಲು, ಹಾಸಿಗೆಯ ಸುರುಳಿ, ಅತ್ತೆಮ್ಮನ ಕಬ್ಬಿಣದ ಪೆಟ್ಟಿಗೆ, ಎಲ್ಲ ಹಗ್ಗ ಬಿಚ್ಚದೆ, ಇಳಿಯುವುದೋ ತಿರುಗಿ ಹೋಗುವುದೋ ಗೊತ್ತಿಲ್ಲದೆ.

ಹಾಲಿನ ಅಂಚಿನಲ್ಲಿ ಒಂದು ಗುಳ್ಳೆ. ಒಂದೇ. ಇದು ಇನ್ನೂ ಬೆಚ್ಚಗಾದ ಗುರುತು, ಕಾದ ಗುರುತಲ್ಲ, ಹಾಲಿನ ಮುಖ ಅವಳಿಗೆ ಗೊತ್ತು, ಬೇರೆ ಏನು ಗೊತ್ತು ಅವಳಿಗೆ, ಶನಿವಾರಸಂತೆಯ ಇಸ್ಕೂಲಿನಲ್ಲಿ ಮೂರನೆಯ ಕ್ಲಾಸು, ಒತ್ತಕ್ಷರ ಬಂದ ವರ್ಷವೇ ಮದುವೆ, ಮಲ್ಲಪ್ಪ ಅಂತ ಹೆಸರು, ಕೊಡ್ಲಿಪೇಟೆ ಕಡೆಯ ಹಳ್ಳಿ, ಅವನ ಮುಖ ಈಗ ನೆನಪಿಗೆ ತಂದುಕೊಂಡರೆ ಅರ್ಧವೇ ಬರುವುದು, ಒಂದು ಕಿವಿ, ನಗುವಾಗ ಕಾಣುವ ಓರೆಹಲ್ಲು, ಅವಳಿಗೆ ನೆಲ್ಲಿಕಾಯಿ ತಂದುಕೊಟ್ಟಿದ್ದ ಒಂದು ದಿನ, ಉಪ್ಪನ್ನೂ ಎಲೆಯಲ್ಲಿ ಕಟ್ಟಿಕೊಂಡು ಬಂದಿದ್ದ. ಆಮೇಲೆ ಆ ಜ್ವರದ ವರ್ಷ, ಜರ್ಮನಿಯ ಯುದ್ಧ ಮುಗಿಯಿತು ಅಂದ ವರ್ಷ, ಮನೆಮನೆಯಲ್ಲಿ ಮಲಗಿದರು, ಹೊರುವುದಕ್ಕೂ ಜನ ಇಲ್ಲ, ಬಾಯಿಗೆ ನೀರು ಬಿಡು ಬಾರೆ ಎಂದು ಯಾರೋ ಅವಳನ್ನು ತಳ್ಳಿದರು, ಲೋಟದಲ್ಲಿ ಬೆರಳು ಅದ್ದಿ ಎತ್ತಿದಳು, ಬೆರಳ ತುದಿಯಲ್ಲಿ ಹನಿ ನಿಂತುಬಿಟ್ಟಿತು, ಬೀಳಲಿಲ್ಲ, ಕೆಳಗೆ ಅವನ ಒಣಗಿದ ತುಟಿ ತೆರೆದಿತ್ತು, ಬೀಳು ಬೀಳು ಅಂದಳು, ಹನಿ ಕೊನೆಗೂ ಬೀಳುವಾಗ ತುಟಿ ಅಲ್ಲಾಡುವುದು ನಿಂತಿತ್ತು. ಅಷ್ಟು ಚಿಕ್ಕ ಹನಿ. ಯಾರಿಗೂ ಗೊತ್ತಾಗಲಿಲ್ಲ, ಅವಳಿಗೆ ಮಾತ್ರ, ಅದನ್ನು ಅವಳು ಯಾರಿಗೂ ಹೇಳಿಲ್ಲ, ಅತ್ತೆಮ್ಮನಿಗೂ ಹೇಳಿಲ್ಲ, ಹೇಳಿದ್ದರೆ ಈ ಕುಡಿಕೆಯನ್ನು ಅವಳ ಕೈಗೆ ಕೊಡುತ್ತಿದ್ದರೋ ಇಲ್ಲವೋ — ಕೊಡುತ್ತಿದ್ದರು. ಕೊಡುತ್ತಿದ್ದರು ಅನ್ನಿಸುತ್ತದೆ.

ಬಳೆ ಹೋದ ಮೇಲೆ ಆ ಮನೆಯಲ್ಲಿ ಅವಳ ಜಾಗ ಒಲೆಯ ಹಿಂದಿನ ಮೂಲೆ, ಹಬ್ಬ ಹುಣ್ಣಿಮೆಗೆ ನೆಂಟರು ಬಂದರೆ ಯಾರ ಕಣ್ಣಿಗೂ ಬೀಳದ ಹಾಗೆ, ಹಾಲು ನೋಡ್ಕೊ ಅಂದರು, ಅದೇ ಕೆಲಸ, ಎಮ್ಮೆಗಳ ಹಾಲು, ದೊಡ್ಡ ತಪ್ಪಲೆ, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ, ಒಂದು ತೊಟ್ಟೂ ಒಲೆಗೆ ಬೀಳಬಾರದು, ಬೆಂಕಿಗೆ ಹಾಲು ಬಿದ್ದರೆ ಎಮ್ಮೆಯ ಕೆಚ್ಚಲು ಬಾತುಕೊಳ್ಳುತ್ತದೆ, ಒಂದು ಸಲ ಬಿತ್ತು, ಅವಳು ಕಿಟಕಿಯಾಚೆ ಹೋಗುತ್ತಿದ್ದ ಇಸ್ಕೂಲು ಮಕ್ಕಳನ್ನು ನೋಡುತ್ತಿದ್ದಳು, ಚುಯ್ ಎಂದಿತು, ಓರಗಿತ್ತಿ ಹಿತ್ತಲಿಂದ ಓಡಿಬಂದು, ಗಂಡನ್ನ ನುಂಗಿದ್ದು ಸಾಲ್ದಾ, ಹಾಲ್ನೂ ಒಲೆಗೆ ಕುಡಿಸ್ತೀಯಾ ಅಂದಳು. ಅದಾದ ಮೇಲೆ ಬಿದ್ದಿಲ್ಲ. ಎಂದೂ ಬಿದ್ದಿಲ್ಲ. ಕೆನೆ ಮುಖ ಗಂಟಿಕ್ಕುವುದು, ಅಂಚಿನಿಂದ ನಡುವಿಗೆ ಸುಕ್ಕು ಓಡುವುದು, ಆಮೇಲೆ ಒಳಗಿಂದ ಯಾರೋ ಉಸಿರು ಬಿಟ್ಟ ಹಾಗೆ ಎದ್ದೇಳುವುದು, ಆ ಉಸಿರಿಗೆ ಮೊದಲೇ ಅವಳ ಕೈ ಪಕ್ಕದ ತಂಬಿಗೆಗೆ ಹೋಗಿರುತ್ತದೆ, ಬೆರಳ ತುದಿಯಿಂದ ನಾಲ್ಕು ಹನಿ, ಹಾಲು ತಗ್ಗುತ್ತದೆ, ನಿದ್ದೆಯಲ್ಲಿ ಬೇಕಾದರೂ ಮಾಡಿಯಾಳು, ಹಾಗೆ ವರ್ಷಗಳು ಹೋದವು, ತಗ್ಗಿಸುತ್ತ ತಗ್ಗಿಸುತ್ತ.

ನೀಲಿ ಹನಿ. ಅದು ಬೇರೆ. ಕೊಡ್ಲಿಪೇಟೆಯ ಮಠಕ್ಕೆ ಮಜ್ಜಿಗೆ ಕೊಡಲು ಕಳಿಸಿದ್ದರು, ಹಿಂದಿನ ಬಾಗಿಲಲ್ಲಿ ಇಟ್ಟು ಬಂದುಬಿಡು ಅಂದಿದ್ದರು, ಒಳಗೆ ಗೋಡೆಯ ಮೇಲೆ ಒಬ್ಬ ಏಣಿ ಹತ್ತಿ ಕೈಲಾಸ ಬರೆಯುತ್ತಿದ್ದ, ಪೂರ್ತಿ ಬೆಟ್ಟ ನೀಲಿ, ಕಂಬದ ಮರೆಯಲ್ಲಿ ನಿಂತು ಅವಳು ಬೆಟ್ಟ ನೋಡಲಿಲ್ಲ, ಅವನ ಕುಂಚದ ತುದಿ ನೋಡಿದಳು, ಬಣ್ಣದ ಹನಿ ಅಲ್ಲಿ ತುಂಬಿ ತುಂಬಿ ನಿಂತಿದೆ, ಬೀಳುವುದಿಲ್ಲ. ಬೀಳ್ತದೆ ಅಂತ ಕಾಯ್ತಿದ್ದೀಯಾ ಎಂದ ಅವನು, ತಿರುಗದೆ, ಅವಳಿದ್ದಾಳೆಂದು ಹೇಗೆ ಗೊತ್ತಾಯಿತೋ, ಬೀಳಲ್ಲ ಕಣವ್ವ, ಇಪ್ಪತ್ತು ಗೋಡೆ ಬರೆದಿದ್ದೀನಿ ಅಂದ, ಅನ್ನುವಷ್ಟರಲ್ಲಿ ಹನಿ ಅವನ ಪಾದದ ಮೇಲೆಯೇ ಟಪ್ ಎಂದು ಬಿತ್ತು, ಅವನು ಪಾದ ನೋಡಿದ, ಅವಳನ್ನು ನೋಡಿದ, ಅವಳಿಗೆ ನಗು ಬಂದುಬಿಟ್ಟಿತು, ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲದ ನಗು, ಎಷ್ಟು ಕಾಲದ್ದೋ, ಮಜ್ಜಿಗೆ ಚೆಲ್ಲಿತು. ಅದಾದ ಮೇಲೆ ಒಂದು ದಿನ ಮಧ್ಯಾಹ್ನ ಒಬ್ಬ ಹೆಂಗಸು ಛತ್ರಿ ಮಡಚಿಕೊಂಡು ಜಗಲಿ ಹತ್ತಿದರು, ನಾನು ಶಿವಶಂಕರನ ತಾಯಿ, ಹೆಣ್ಣು ಕೇಳಕ್ಕೆ ಬಂದಿದ್ದೀನಿ, ಓರಗಿತ್ತಿ ಸೊಂಟಕ್ಕೆ ಕೈಯಿಟ್ಟು ಇಲ್ಲಾವ ಹೆಣ್ಣೈತೆ ಅಂದಳು, ಅವರು ಕತ್ತು ಚಾಚಿ ಒಳಗೆ ನೋಡಿ, ಅಗೋ ಹಾಲು ಕಾಯ್ತಾ ಕೂತೈತಲ್ಲ, ಅದು ಅಂದರು. ಅದು. ಆ ಒಂದು ಮಾತಿಗೆ ಅವಳು ಒಲೆಯ ಹಿಂದಿನಿಂದ ಎದ್ದು ನಿಂತಿದ್ದಳು, ಕರೆದ ಹಾಗೆ.

ಆದರೂ ಸೀರುಡಿಕೆ ಮದುವೆಯಲ್ಲ, ಚಪ್ಪರವಿಲ್ಲ, ವಾಲಗವಿಲ್ಲ, ಮುತ್ತೈದೆಯರು ಬರುವುದಿಲ್ಲ, ಹೊಸ ಸೀರೆ, ಹಸಿರು ಬಳೆ, ಅಯ್ಯನವರೊಬ್ಬರು, ಮಂಕು ದೀಪ, ಆಯಿತು, ಹೆಂಡತಿಯಾಗುತ್ತಾಳೆ, ಮುತ್ತೈದೆಯಾಗುವುದಿಲ್ಲ, ಗಂಡ ಎದುರಿಗೇ ನಡೆದಾಡುತ್ತಿರುತ್ತಾನೆ, ಆದರೂ ಆರತಿಯ ತಟ್ಟೆ ಅವಳ ಮುಂದಿನಿಂದ ದಾಟಿ ಪಕ್ಕದವಳ ಕೈಗೆ ಹೋಗುತ್ತದೆ. ಅತ್ತೆಮ್ಮನ ತಮ್ಮ ಹೊಸ ಮನೆ ಕಟ್ಟಿದಾಗಲೂ ಹಾಗೆಯೇ, ಎಲ್ಲರ ಜತೆ ಅವಳೂ ಕುಂಕುಮದ ಬಟ್ಟಲು ಎತ್ತಿಕೊಂಡಿದ್ದಳು, ಮರೆತು, ನಿಜವಾಗಿ ಮರೆತು, ಅವರ ಮನೆಯಾಕೆ ಮೆಲ್ಲಗೆ ಬಂದು ಬಟ್ಟಲು ಬಿಡಿಸಿಕೊಂಡು, ನೀನು ಒಳಗೆ ಹೋಗಿ ಹಾಲು ನೋಡ್ಕೊ ಹೋಗವ್ವ ಅಂದರು, ಬೈಯಲಿಲ್ಲ, ಮೆಲ್ಲಗೇ ಅಂದರು, ಅದೇ ಹಾಲು, ಅವಳು ಹೋಗಿ ನೋಡಿಕೊಂಡಳು, ಉಕ್ಕಿಸುವುದಕ್ಕೆ ಬೇರೆಯವರು ಬಂದರು. ಕಾಂತಮ್ಮ ಅದನ್ನು ನೋಡಿದರೋ ಇಲ್ಲವೋ, ಎಲೆ ಅಡಿಕೆ ಹಾಕುತ್ತಿದ್ದರು, ಊಟ ಮಾಡಿದರು, ಒಬ್ಬಟ್ಟು ಚೆನ್ನಾಗೈತೆ ಅಂದರು, ಬರುವ ದಾರಿಯಲ್ಲಿ ಶನಿವಾರಸಂತೆಯಲ್ಲಿ ನಿಂತು ಕುಂಬಾರನ ಹತ್ತಿರ ಬಹಳ ಹೊತ್ತು ಕೂತರು, ಒಂದೊಂದೇ ಕುಡಿಕೆ ಎತ್ತಿ ಬೆರಳಲ್ಲಿ ತಟ್ಟಿ ಕಿವಿಗೊಟ್ಟು, ಇದು ಬೇಡ, ಇದು ಬೇಡ, ಅವನು ನಕ್ಕು ಮಡಕೆ ತಗಳ್ತೀರೋ ಅಳಿಯನ್ನ ತಗಳ್ತೀರೋ ಅವ್ವಾ ಅನ್ನುವವರೆಗೂ —

ಗುಳ್ಳೆಗಳು ಈಗ ಸಾಲಾಗಿ ಬಂದಿವೆ, ಅಂಚಿನ ಸುತ್ತ, ಸಣ್ಣ ಮಣಿಯ ಸರದ ಹಾಗೆ. ಮುರಿಗೆಮ್ಮ ಮಣೆಯನ್ನು ಮುಂದಕ್ಕೆ ಸರಿಸಿಕೊಂಡರು. ಉರಿ ಸಾಲ್ದು ಅಂದರು, ಸಾಕು ಬಿಡಿ ಅಂದರು ಕಾಂತಮ್ಮ, ಇಬ್ಬರ ಮಾತೂ ಹೊಗೆಯ ಆಚೆಯಿಂದ ಬರುತ್ತಿದೆ. ಹೊರಗೆ ಬೊಳ್ಳಪ್ಪ ಯಾರಿಗೋ ಊರು ತೋರಿಸುತ್ತಿದ್ದಾನೆ, ನಿನ್ನೆ ಇವರಿಗೆ ತೋರಿಸಿದ ಹಾಗೆ, ಮಾದಾಪುರದಲ್ಲಿ ರಾತ್ರಿ ತಂಗಿದ್ದು ಮಾರನೆಯ ದಿನ ಏರು ಹತ್ತಿ ಬರುವಾಗ ಮೊದಲು ಗದ್ದುಗೆ ಕಂಡಿತ್ತು, ಲಿಂಗವಂತ ರಾಜರನ್ನು ಮಣ್ಣು ಮಾಡಿದ ಗುಮ್ಮಟಗಳು, ಬೆಳ್ಳಗೆ, ಕಾಂತಮ್ಮ ಗಾಡಿಯಿಂದಲೇ ಕೈಮುಗಿದರು, ಚನ್ನಿಯೂ ಮುಗಿದಳು, ಗುಮ್ಮಟದ ಮೂಲೆಯಲ್ಲಿ ಕಲ್ಲಿನ ಬಸವ ಮಲಗಿದ್ದ, ಕಿವಿ ಹಿಂದಕ್ಕೆ ಹಾಕಿಕೊಂಡು, ಮನೆಯ ಎತ್ತಿನ ಹಾಗೆಯೇ. ಆಮೇಲೆ ಪೇಟೆ. ಶಿವಶಂಕರಪ್ಪ ಎದುರುಗೊಳ್ಳಲು ಬಂದವರು ಗಾಡಿಯ ಪಕ್ಕ ನಡೆಯುತ್ತಿದ್ದರು, ಅಂಗಡಿಗಳ ಮೇಲೆ ಬೋರ್ಡು, ಅವಳು ಒಂದೊಂದೇ ಅಕ್ಷರ ಕೂಡಿಸಿ ಬಾಯೊಳಗೆ ಓದಿಕೊಂಡಳು, ಜ-ವ-ಳಿ, ಒತ್ತಕ್ಷರ ಬಂದಾಗ ತಡವರಿಸಿದಳು, ಅದು ನಂದು ಅಂದರು ಅವರು ಕೆಳಗಿನಿಂದ, ಅದೂ ನಂದು, ಆ ನಶ್ಯದ ಅಂಗಡೀದೂ ನಂದು, ಆ ಬ್ರಾಂದಿ ಅಂಗಡೀದು ಮಾತ್ರ ನಂದಲ್ಲ, ಅವನು ದುಡ್ಡು ಕೊಡಲ್ಲ. ಎಷ್ಟು ಅಕ್ಷರ. ಬಿಟ್ಟುಬಂದ ಇಸ್ಕೂಲು ಈ ಬೀದಿಯುದ್ದಕ್ಕೂ ತೂಗುಹಾಕಿದ ಹಾಗಿತ್ತು, ಅವಳ ಗಂಡನ ಕೈಬರಹದಲ್ಲಿ, ಅವಳು ಕುತ್ತಿಗೆ ನೋಯುವವರೆಗೂ ಮೇಲೆ ನೋಡಿದಳು. ಸಂಜೆ ದೇವಸ್ಥಾನದ ಕಡೆಯಿಂದ ನಾಗಸ್ವರ ಕೇಳುತ್ತಂತೆ, ದಸರಾಕ್ಕೆ ಕರಗ ಕುಣಿಯುತ್ತಾರಂತೆ, ಮಂಟಪಕ್ಕೆ ಅವರೇ ಬಣ್ಣ ಹಚ್ಚುತ್ತಾರಂತೆ, ನೋಡಬಹುದಂತೆ, ಯಾರು ಬೇಕಾದರೂ ಬೀದಿಯಲ್ಲಿ ನಿಂತು ನೋಡಬಹುದಂತೆ, ಒಲೆಯ ಹಿಂದೆ ಕೂರಬೇಕಾಗಿಲ್ಲ.

ಅತ್ತೆಮ್ಮ ಯಾಕೆ ಬಂದರು ಅಂದರೆ ಕಲ್ಲಾನೆ ನೋಡುವುದಕ್ಕೆ. ಊರಿನಲ್ಲಿ ಎಲ್ಲರಿಗೂ ಹಾಗೇ ಹೇಳಿದ್ದು, ಎಮ್ಮೆಗಳನ್ನು ತಮ್ಮನ ಕೊಟ್ಟಿಗೆಗೆ ಹೊಡೆದು, ಮನೆಗೆ ಬೀಗ ಹಾಕಿ, ಈ ವಯಸ್ನಾಗೆ ಪ್ಯಾಟೆ ಯಾಕೆ ಅಕ್ಕಾ ಎಂದು ತಮ್ಮ ಕೇಳಿದರೆ, ಮಡಿಕೇರಿ ಅರಮನೆ ಅಂಗಳದಾಗೆ ರಾಜ ಎರಡು ಆನೆ ಕಟ್ಸಿದಾನಂತೆ ಕಣೋ, ನಿಜವಾದ ಆನೆಯಷ್ಟೇ ದೊಡ್ಡವಂತೆ, ಸಾಯೋದ್ರೊಳಗೆ ನೋಡ್ಬೇಕು, ಅದಕ್ಕೇ ಹೊಂಟೀನಿ. ಜನ ನಕ್ಕರು. ಚನ್ನಿಯೂ ನಂಬಿದಳು. ನಿನ್ನೆ ಬೊಳ್ಳಪ್ಪನಿಗೆ ಕೋಟೆಯ ಹತ್ತಿರ ಯಾರಿಗೋ ಒಂದು ಚೀಲ ಇಳಿಸುವುದಿತ್ತು, ಗಾಡಿ ಕೋಟೆಯ ಬಾಗಿಲಲ್ಲೇ ನಿಂತಿತ್ತು, ಅವ್ವಾ ಇಳೀರಿ, ಒಳಗೇ ಐತೆ ನಿಮ್ಮಾನೆ, ನೋಡ್ಕಂಡ್ ಬನ್ನಿ, ಎತ್ತೂ ಸುಧಾರಿಸ್ಕಳ್ಳಿ ಅಂದ. ಕಾಂತಮ್ಮ ತಲೆ ಎತ್ತಲಿಲ್ಲ. ಮಡಿಲಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಗಂಟು, ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕಲ್ಲಾನೆ ಎಲ್ಲಿಗೆ ಓಡಿಹೋಯ್ತದೆ, ಹೊಡೆಯೋ, ಕತ್ತಲಾದ್ರೆ ಹಾಲು ಹೇಳಕ್ಕಾಗಲ್ಲ ಅಂದರು. ಬಂದಿಳಿದವರೇ ಮುರಿಗೆಮ್ಮನನ್ನು ಕೇಳಿದ್ದು ನೀರು ಎಲ್ಲಿ ಅಂತ ಅಲ್ಲ, ಇಲ್ಲಿ ಕರು ಹಾಕಿದ ಹಸು ಯಾರ ಮನೇಲೈತೆ ಅಂತ. ಗಂಟಿನಲ್ಲಿ ಇದ್ದದ್ದು ಈ ಕುಡಿಕೆ. ದಾರಿಯುದ್ದಕ್ಕೂ ಮಡಿಲಲ್ಲಿ, ಮಾದಾಪುರದಲ್ಲಿ ಮಲಗುವಾಗಲೂ ತಲೆಯ ಹತ್ತಿರ. ಯಾತಕ್ಕೆ ಈ ಕುಡಿಕೆ ಎಂದು ಅವಳು ಯೋಚಿಸಿರಲಿಲ್ಲ, ಮೊಸರಿಗೆ ಇರಬೇಕು ಅಂದುಕೊಂಡಿದ್ದಳು, ಅಟ್ಟದ ಮೇಲೆ ಹುಲ್ಲಿನಲ್ಲಿ ಇಟ್ಟಿದ್ದರಲ್ಲ ಬೇಸಿಗೆಯಿಂದ —

ಕೆನೆ ಮುಖ ಗಂಟಿಕ್ಕಿತು. ಸುಕ್ಕು ಅಂಚಿನಿಂದ ನಡುವಿಗೆ ಓಡಿತು, ನಡುವೆ ಒಂದು ಉಬ್ಬು, ಒಳಗಿಂದ ಯಾರೋ ಉಸಿರು ಬಿಟ್ಟ ಹಾಗೆ, ಬಂತು ಬಂತು ಎಂದು ಮುರಿಗೆಮ್ಮ ಎದ್ದೇಬಿಟ್ಟರು, ಹಾಲು ಬೆಳ್ಳಗೆ ಕುಡಿಕೆಯ ಬಾಯಿ ತುಂಬ ಎದ್ದು ಬಂತು, ಅಂಚಿಗೆ ಬಂತು, ಅಂಚಿನ ಮೇಲೆ ನಿಂತಿತು, ಮತ್ತು ನೀರು — ನೀರು ಬಿತ್ತು, ನಾಲ್ಕು ಹನಿ, ಹಾಲು ಸುಯ್ ಎಂದು ತಗ್ಗಿ ತಳಕ್ಕೆ ಹೋಯಿತು. ಯಾರು ಚಿಮುಕಿಸಿದರು. ಚನ್ನಿ ಸುತ್ತ ನೋಡಿದಳು. ಅವಳ ಪಕ್ಕದಲ್ಲಿ ತಂಬಿಗೆ ಇತ್ತು, ತುಂಬಿದ ತಂಬಿಗೆ, ಬೆಳಗ್ಗೆ ಒಲೆ ಹೂಡುವಾಗ ಅವಳೇ ತಂದಿಟ್ಟುಕೊಂಡದ್ದು, ಯಾಕೆ ಇಟ್ಟುಕೊಂಡಳು, ಯಾರೂ ಹೇಳಿರಲಿಲ್ಲ, ಕೈ ಇಟ್ಟುಕೊಂಡಿತ್ತು, ಅವಳ ಬಲಗೈಯ ಬೆರಳುಗಳು ಒದ್ದೆಯಾಗಿದ್ದವು. ಪರದೆಯ ಆಚೆಯಿಂದ ಶಿವಶಂಕರಪ್ಪನ ದನಿ, ಉಕ್ಕಿತಾ ಅವ್ವಾ. ಜಗಲಿಯ ಕೆಮ್ಮು ನಿಂತಿತು. ಮುಗಿಯಿತು, ಈಗ ಹಗ್ಗ ಬಿಚ್ಚದ ಗಾಡಿ ಹಾಗೇ ತಿರುಗುತ್ತದೆ, ನಶ್ಯದ ಅಂಗಡಿ, ಜವಳಿ ಅಂಗಡಿ, ಗದ್ದುಗೆ, ಮಾದಾಪುರ, ಮತ್ತೆ ಆ ಮೆಲ್ಲಗಿನ ಮಾತುಗಳು, ಹೋಗವ್ವ, ಒಳಗೆ ಹೋಗವ್ವ. ಮುರಿಗೆಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು, ಇದೇನ್ರಿ ಕಾಂತಮ್ಮೋರೆ, ಬಾಗಿಲಿಗೆ ಬಂದದ್ದನ್ನ ತಿರುಗಿ ಕಳಿಸ್ದಳಲ್ರಿ ಅಂದರು, ಆ ತಂಬ್ಗೆ ತೆಗೀರಿ ಮೊದ್ಲು, ಸರಿ ಬಾರಮ್ಮ ಈಚೆಗೆ, ನಾನು ಕೂತ್ಕೋತೀನಿ.

ಕಾಂತಮ್ಮ ಗೋಡೆಯಿಂದ ಬೆನ್ನು ತೆಗೆದರು. ಮಂಡಿ ಹಿಡಿದುಕೊಂಡು ಎದ್ದರು, ಬೈಯುತ್ತಾರೆ, ಬೈಯಲಿ, ಬಂದು ಒಲೆಯ ಮುಂದೆ ಬಗ್ಗಿ ಕುಡಿಕೆಯೊಳಗೆ ನೋಡಿದರು, ಹಾಲು ಎಲ್ಲಿಗೂ ಹೋಗಿಲ್ವಲ್ರವ್ವ, ಇಲ್ಲೇ ಐತೆ, ಉರೀನೂ ಐತೆ ಅಂದರು, ಒಂದು ಸೌದೆಯನ್ನು ಒಳಕ್ಕೆ ತಳ್ಳಿದರು. ಮುರಿಗೆಮ್ಮ ತಂಬಿಗೆಗೆ ಕೈ ಹಾಕಿದರು. ಅದು ಅಲ್ಲೇ ಇರ್ಲಿ ಅಂದರು ಕಾಂತಮ್ಮ. ಇದ್ರೆ ಮತ್ತೆ ಚಿಮುಕಿಸ್ತಾಳೆ ಕಣ್ರಿ ಅಂದರು ಮುರಿಗೆಮ್ಮ. ಚಿಮುಕಿಸಿದ್ರೆ ಮತ್ತೆ ಉಕ್ತದೆ, ಅವಳೇ ಬಿಡ್ಬೇಕು, ನೀವು ತೆಗೆದಿಟ್ಟು ಉಕ್ಕಿಸಿದ್ರೆ ಅದು ನಿಮ್ಮ ಹಾಲು. ನಿಮ್ಮದೊಂದು ಹಟ, ನನ್ನ ಮಡಿ ಒಣಗೋಯ್ತು ಎಂದು ಮುರಿಗೆಮ್ಮ ಗೊಣಗಿದರು, ಆದರೆ ಹೋಗಲಿಲ್ಲ, ಮಣೆಯ ಮೇಲೆ ಮತ್ತೆ ಕೂತರು, ಸಿಂಹಾಸನದ ಮುಂದೆ. ಅಯ್ಯನವರು ಹೊರಗಿನಿಂದ, ತಾಯಿ, ಇವತ್ತೋ ನಾಳೆಯೋ ಅಂದರು. ಕಾಂತಮ್ಮ ಇನ್ನೂ ಬಗ್ಗಿಯೇ ಇದ್ದರು, ಅವರ ಬಾಯಿ ಚನ್ನಿಯ ಕಿವಿಯ ಹತ್ತಿರ, ಎಲೆ ಅಡಿಕೆಯ ವಾಸನೆ, ಅವಳಿಗಷ್ಟೇ ಕೇಳುವ ಹಾಗೆ, ಕುಂಬಾರನ ಹತ್ರ ಹದಿನಾರು ತಟ್ಟಿದ್ದೀನಿ ಕಣೆ, ಬಿರುಕಿಲ್ಲ, ಹೆದರ್ಬೇಡ ಅಂದರು. ಕುಂಬಾರನ ಹತ್ತಿರ. ಒಬ್ಬಟ್ಟು ಚೆನ್ನಾಗೈತೆ ಅಂದ ದಿನ. ಬಟ್ಟಲು ಬಿಡಿಸಿಕೊಂಡ ದಿನ — ಆಗ ಶಿವಶಂಕರಪ್ಪನಿಗೆ ಈ ಮನೆ ಸಿಕ್ಕಿರಲಿಲ್ಲ, ಮನೆ ಹುಡುಕುವ ಮಾತೂ ಇರಲಿಲ್ಲ, ಆನೆಯ ಮಾತೂ ಇರಲಿಲ್ಲ, ಆಗಲೇ ಈ ಕುಡಿಕೆ ಬಂದಿತ್ತು, ಮೊದಲು ಕುಡಿಕೆ, ಆಮೇಲೆ ಅದನ್ನು ಇಡುವುದಕ್ಕೆ ಒಂದು ಒಲೆ, ಒಲೆ ಹೂಡುವುದಕ್ಕೆ ಒಂದು ಊರು, ಊರಿಗೆ ಹೋಗುವುದಕ್ಕೆ ಆನೆಯ ನೆಪ, ಎಮ್ಮೆಗಳನ್ನು ಬಿಟ್ಟು, ಹುಟ್ಟಿದ ಮಣ್ಣು ಬಿಟ್ಟು, ಸಂಕೋಚವಿಲ್ಲದೆ ಮೊದಲ ಮಾತಿನಲ್ಲೇ ಸೀರುಡಿಕೆ ಸೊಸೆ ಎಂದು ಹೇಳಿ, ಮುಚ್ಚಿಟ್ಟು ಉಕ್ಕಿಸಿದ ಹಾಲು ಆಗಬಾರದೆಂದು. ಎಷ್ಟು ತಿಂಗಳಿಂದ ಹೊತ್ತಿದ್ದಾರೆ ಇದನ್ನು. ಅವಳು ಏನಾದರೂ ಹೇಳಬೇಕು, ಅತ್ತೆಮ್ಮ ಅನ್ನಬೇಕು, ಕಣ್ಣಲ್ಲಿ ಹೊಗೆ, ಹೊಗೆಯಲ್ಲ, ಈಗ ಅಳುತ್ತಿದ್ದಾಳೆ, ಅಳಲಿ ಬಿಡು, ಕಾಂತಮ್ಮ ಸೆರಗಿನಿಂದ ಅವಳ ಮೂಗು ಒರೆಸಿ, ಮಗುವಿಗೆ ಒರೆಸುವ ಹಾಗೆ ಒರಟಾಗಿ, ಹೋಗಿ ಗೋಡೆಗೆ ಒರಗಿದರು.

ಮತ್ತೆ ಮಣಿಯ ಸರ. ಈ ಸಲ ಬೇಗ. ಹೊರಗೆ ಮಂಜು ಏಳುತ್ತಿರಬೇಕು, ಪರದೆಯ ಮೇಲೆ ಹಿಂದಿನಿಂದ ಬೆಳಕು ಬಿದ್ದಿದೆ, ಕೆಂಪು ಕಂಬಗಳು ಒಳಗಿಂದ ಉರಿದ ಹಾಗೆ, ಗಿಳಿಗಳು, ಮೆಟ್ಟಿಲು, ಆ ಕಡೆ ಅವರ ನೆರಳು, ಕಾಲು ಬದಲಿಸುತ್ತ ನಿಂತಿದ್ದಾರೆ, ಇಪ್ಪತ್ತು ಗೋಡೆ ಬರೆದವರು, ನಾಳೆ ಇವರೊಂದಿಗೆ ಕೋಟೆಗೆ ಹೋಗಬೇಕು, ಅತ್ತೆಮ್ಮನನ್ನು ಎಳೆದುಕೊಂಡು ಹೋಗಬೇಕು, ನೋಡಿ ನಿಮ್ಮಾನೆ ಅನ್ನಬೇಕು, ಬೀದಿಯ ಅಕ್ಷರಗಳನ್ನೆಲ್ಲ ಓದಬೇಕು, ಆ ಬ್ರಾಂದಿ ಅಂಗಡಿಯದನ್ನೂ. ಕೆನೆ ಮುಖ ಗಂಟಿಕ್ಕಿತು. ಸುಕ್ಕು ಓಡಿತು. ಉಸಿರು. ಕೈ ತಂಬಿಗೆಗೆ ಹೋಯಿತು, ಹೋಗಿಯೇಬಿಟ್ಟಿತು, ಅವಳ ಕೈ ಅವಳ ಮಾತು ಕೇಳುವುದಿಲ್ಲ, ಬೆರಳು ನೀರಿನಲ್ಲಿ ಅದ್ದಿ ಮೇಲಕ್ಕೆ ಬಂತು, ಕುಡಿಕೆಯ ಮೇಲಕ್ಕೆ, ಮುರಿಗೆಮ್ಮ ಅಯ್ಯೋ ಅಂದದ್ದು ಕೇಳಿಸಿತು, ಅಲ್ಲಿ ನಿಂತಿತು. ನಿಂತಿತು ಕೈ. ಕೆಳಗೆ ಬಿಸಿ ಹಬೆ, ಹಾಲು ಬೆಳ್ಳಗೆ ಏಳುತ್ತಿದೆ, ಏಳು, ಅಂಚಿಗೆ ಬಂದಿದೆ, ಬಾ, ಕುಡಿಕೆಯ ಬಾಯಿ ತುಂಬಿ ದುಂಡಗಾಗಿದೆ, ಬೆರಳ ತುದಿಯಲ್ಲಿ ಹನಿ ತುಂಬಿ ತುಂಬಿ ನಿಂತಿದೆ, ಅದರೊಳಗೆ ಒಲೆಯ ಉರಿ ಇಷ್ಟೇ ಇಷ್ಟು ಕಾಣುತ್ತಿದೆ, ಬೀಳಬೇಡ, ಒಂದು ಸಲ ಬೀಳು ಅಂದಾಗ ಬೀಳಲಿಲ್ಲ, ಈಗ ಬೀಳಬೇಡ, ಚುಯ್ ಎಂದಿತು ಬೆಂಕಿ, ಮೂಡಲಿಗೆ, ಮೂಡಲಿಗೇ ಬಿತ್ತು ಕಣ್ರಿ ಎಂದು ಮುರಿಗೆಮ್ಮನ ದನಿ, ಮತ್ತೊಮ್ಮೆ ಚುಯ್, ಹಾಲು ಸುಟ್ಟ ವಾಸನೆ ಮನೆಯ ತುಂಬ, ಯಾರೋ ಬೊಳ್ಳಪ್ಪಾ ಹಗ್ಗ ಬಿಚ್ಚೋ ಎನ್ನುತ್ತಿದ್ದಾರೆ, ಹನಿ, ಬೆರಳ ತುದಿಯ ಹನಿ, ಉರಿ ತುಂಬಿಕೊಂಡ ಹನಿ, ಬೀಳದೆ.